ಬೈಟು ಕಾಫಿಯ ಆಟಗಾರರು

ಮಾವ ತೀರಿಕೊಂಡ ಮೂರನೇ ದಿನ ಊರಿಂದ ಅವರ ಮಗ ಫೋನ್ ಮಾಡಿದ್ದ. ಪೇಪರಿಗೆ ಶ್ರದ್ಧಾಂಜಲಿ ಕೊಡಬೇಕು, ಫೋಟೋದ ಕೆಳಗೆ ನಾಲ್ಕು ಸಾಲು ಬರೆದುಕೊಡು, ನಿನಗೆ ಬರೆದು ಅಭ್ಯಾಸ ಇದೆಯಲ್ಲ ಅಂದ. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಇಷ್ಟಕ್ಕೆ ನಾನು ಬೇಕಿರಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದು ಇನ್ನೊಂದು. "ರಣಜಿ ಆಟಗಾರ ಅಂತ ಹಾಕಬಹುದಾ?" ಅಂತ ಸ್ವಲ್ಪ ಅಳುಕುತ್ತಲೇ ಕೇಳಿದ. ನೋಡಿ ಹೇಳ್ತೀನಿ ಅಂದೆ. ನೋಡುವುದಕ್ಕೇನಿತ್ತು? ಉತ್ತರ ಇಬ್ಬರಿಗೂ ಗೊತ್ತಿತ್ತು.

ಅರವತ್ತರ ದಶಕದಲ್ಲಿ ಮೈಸೂರು ತಂಡದ ಒಂದು ಪಂದ್ಯದಲ್ಲಿ ಮಾವ ಒಂದು ಮಧ್ಯಾಹ್ನ ಫೀಲ್ಡಿಂಗ್ ಮಾಡಿದ್ದರು. ಹನ್ನೊಂದರಲ್ಲಿ ಒಬ್ಬನ ಕಾಲು ಉಳುಕಿ, ನೀರು ಹೊತ್ತು ತರುತ್ತಿದ್ದ ಇವರನ್ನು ಮಿಡ್‌ವಿಕೆಟ್ಟಿಗೆ ಕಳಿಸಿದರಂತೆ. ಒಂದು ಕ್ಯಾಚ್ ಹಿಡಿದರು. ಮರುದಿನದ ಇಂಗ್ಲಿಷ್ ಪೇಪರಿನ ಸ್ಕೋರ್‌ಕಾರ್ಡಿನಲ್ಲಿ ಔಟಾದವನ ಹೆಸರಿನ ಮುಂದೆ 'ಸಿ ಸಬ್' ಅಂತ, ಅಂದರೆ ಬದಲಿ ಆಟಗಾರ ಹಿಡಿದ ಕ್ಯಾಚ್ ಅಂತ, ಅಚ್ಚಾಯಿತು. ಆ ಪೇಪರಿನ ಚೂರು ಅವರ ಕಬ್ಬಿಣದ ಟ್ರಂಕಿನಲ್ಲಿ ಎಲ್ಐಸಿ ಬಾಂಡುಗಳ ನಡುವೆ ಇರುತ್ತಿತ್ತು. ನನಗೆ ಹತ್ತು ವರ್ಷವಿದ್ದಾಗ ಒಮ್ಮೆ ತೆಗೆದು ತೋರಿಸಿದ್ದರು. "ಎಲ್ಲಿ ಮಾವ ನಿಮ್ಮ ಹೆಸರು?" ಅಂದೆ. ಬೆರಳಿಟ್ಟು, "ಇದೇ ಕಣೋ, ಈ ಸಬ್ಬು ನಾನೇ" ಅಂದರು. ಅಡುಗೆಮನೆಯಿಂದ ಅತ್ತೆ, "ಸಬ್ಬು ಅಂದ್ರೆ ಯಾರು ಬೇಕಾದ್ರೂ ಆಗಬಹುದು" ಅಂತ ಕೂಗಿದರು. "ಯಾರು ಬೇಕಾದ್ರೂ ಹಿಡಿಯೋ ಕ್ಯಾಚಲ್ಲ ಅದು" ಅಂತ ಇವರು ಕೂಗಿದರು. ಇದು ಆ ಮನೆಯಲ್ಲಿ ನೂರು ಸಲ ನಡೆದ ಸಂಭಾಷಣೆ ಅಂತ ನನಗೆ ಆಗಲೇ ಗೊತ್ತಾಗಿತ್ತು.

ಕ್ರಿಕೆಟ್ಟಿನ ಲೆಕ್ಕದಲ್ಲಿ ಬದಲಿ ಫೀಲ್ಡರ್ ಆಡಿದವನಲ್ಲ. ದಿನವಿಡೀ ಬಿಸಿಲಲ್ಲಿ ನಿಂತರೂ ಅವನ ಹೆಸರಿನಲ್ಲಿ ಪಂದ್ಯ ಬೀಳುವುದಿಲ್ಲ. ಟಾಸ್ ಆದಮೇಲೆ ಮಳೆ ಬಂದು ಒಂದು ಎಸೆತವೂ ನಡೆಯದಿದ್ದರೂ, ಹನ್ನೊಂದರಲ್ಲಿ ಹೆಸರಿದ್ದವನಿಗೆ ಪಂದ್ಯ ಸಿಕ್ಕಿತು. ಕ್ಯಾಚ್ ಹಿಡಿದ ಮಾವನಿಗೆ ಇಲ್ಲ. (2019ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ಟಿನ ನಿಯಮ ಬದಲಾಗಿ ತಲೆಗೆ ಪೆಟ್ಟು ಬಿದ್ದವನ ಜಾಗಕ್ಕೆ ಬರುವವನು ಲೆಕ್ಕಕ್ಕೆ ಬಂದ. ಕಾಲು ಉಳುಕಿದವನ ಜಾಗಕ್ಕೆ ಬಂದವನು ಆಗಲೂ ಬರಲಿಲ್ಲ.) ಆ ರಾತ್ರಿ ನಿದ್ದೆ ಬರದೆ ನಾನು ನನ್ನ ಹಳೇ ಚಟಕ್ಕೆ ಮರಳಿದೆ. ಹದಿನಾಲ್ಕು ವರ್ಷದಿಂದ ಮಿನೆಸೋಟಾದಲ್ಲಿದ್ದೇನೆ. ಬೇಸ್‌ಬಾಲ್ ಆಟ ಇವತ್ತಿಗೂ ಪೂರ್ತಿ ಕೂತು ನೋಡಲಾರೆ, ಆದರೆ ಹಳೆಯ ಆಟಗಾರರ ಪರಿಚಯಗಳನ್ನು ಓದುತ್ತಾ ಕೂತರೆ ಬೆಳಗಾಗುತ್ತದೆ. ನಾಲ್ಕೈದು ಸಾಲು ಅಷ್ಟೆ: ಹುಟ್ಟಿದ ಊರು, ಎತ್ತರ, ತೂಕ, ಯಾವ ಕೈ, ಮೊದಲ ಆಟ, ಕೊನೆಯ ಆಟ, ಸತ್ತ ದಿನ, ಹೂತ ಜಾಗ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಪರಿಚಯ ಹೀಗೆ ಇದೆ. ಮಾವ ಅದೇ ಮಧ್ಯಾಹ್ನ ಅಮೆರಿಕದ ಒಂದು ಮೈದಾನದಲ್ಲಿ ನಿಂತಿದ್ದರೆ ಅವರೂ ಅದರಲ್ಲಿ ಇರುತ್ತಿದ್ದರು ಅನ್ನುವುದು ಆ ರಾತ್ರಿ ಮೊದಲ ಸಲ ಹೊಳೆಯಿತು.

ಎರಡು ಇನಿಂಗ್ಸ್

ಅಮೆರಿಕದ ಬೇಸ್‌ಬಾಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗಿಗೆ ಬಂದು ಹಾಗೇ ಹೊರಟುಹೋದವನನ್ನು ಬೇಸ್‌ಬಾಲ್ ಮಂದಿ 'ಒಂದು ಕಪ್ ಕಾಫಿಗೆ ಬಂದಿದ್ದ' ಅನ್ನುತ್ತಾರೆ. ಕೂತು ಒಂದು ಕಾಫಿ ಕುಡಿಯುವಷ್ಟು ಹೊತ್ತು ಇದ್ದ ಅಂತ. ಈ ಮಾತು ಕೇಳಿದಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ದರ್ಶಿನಿಯ ಸ್ಟೀಲ್ ಕಟ್ಟೆ. ಅಲ್ಲಿ ನಿಂತೇ ಕುಡಿಯುತ್ತೇವೆ, ಅದೂ ಅರ್ಧ. ಆರ್ಚಿಬಾಲ್ಡ್ 'ಮೂನ್‌ಲೈಟ್' ಗ್ರಹಾಂನದು ಬೈಟು ಕಾಫಿ.

1905ರ ಜೂನ್ 29. ಬ್ರೂಕ್ಲಿನ್‌ನಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡ ಹತ್ತು ರನ್ನುಗಳಿಂದ ಮುಂದಿತ್ತು. ಗೆಲುವು ಖಾತ್ರಿಯಾದಮೇಲೆ ಬೆಂಚಿನ ಹುಡುಗರನ್ನು ಇಳಿಸುವುದು ರೂಢಿ. ಮ್ಯಾನೇಜರ್ ಜಾನ್ ಮೆಗ್ರಾ, ಒಂಬತ್ತು ಇನಿಂಗ್ಸಿನ ಈ ಆಟದ ಎಂಟನೇ ಇನಿಂಗ್ಸಿನಲ್ಲಿ, ಗ್ರಹಾಂನನ್ನು ರೈಟ್ ಫೀಲ್ಡಿಗೆ ಕಳಿಸಿದ. ಅವನತ್ತ ಒಂದು ಚೆಂಡೂ ಬರಲಿಲ್ಲ. ಒಂಬತ್ತನೇ ಇನಿಂಗ್ಸಿನಲ್ಲಿ ಮುಂದಿನ ಬ್ಯಾಟಿಂಗ್ ಅವನದೇ. ಬ್ಯಾಟು ಹಿಡಿದು ಕಾಯುತ್ತಿದ್ದಾಗ ಎದುರಿಗಿದ್ದವನು ಮೇಲಕ್ಕೆ ಹೊಡೆದು ಔಟಾದ, ಅಲ್ಲಿಗೆ ಅವರ ಸರದಿ ಮುಗಿಯಿತು. ಮತ್ತೆ ರೈಟ್ ಫೀಲ್ಡಿಗೆ ಹೋಗಿ ನಿಂತ. ಪಂದ್ಯ 11–1ರಲ್ಲಿ ಮುಗಿಯಿತು. ಆಮೇಲೆ ಅವನು ಮೇಜರ್ ಲೀಗಿನಲ್ಲಿ ಆಡಲೇ ಇಲ್ಲ. ಆಟ ಬರುತ್ತಿರಲಿಲ್ಲ ಅಂತಲ್ಲ: ಮರುವರ್ಷ ಕೆಳಗಿನ ಲೀಗಿನಲ್ಲಿ, ಸ್ಕ್ರಾಂಟನ್ ತಂಡಕ್ಕೆ, 0.336 ಸರಾಸರಿಯಲ್ಲಿ ಹೊಡೆದ. ಮೂರು ಸಲ ನಿಂತರೆ ಒಂದು ಸಲ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಅಂದ ಹಾಗೆ, ಈ ಆಟದಲ್ಲಿ ಅದು ಭಾರಿ ಲೆಕ್ಕ. ಆದರೂ ದಾಖಲೆಯಲ್ಲಿರುವುದು ಇಷ್ಟೇ. ಆಟ 1. ಉಳಿದ ಅಂಕಣಗಳಲ್ಲಿ ಸೊನ್ನೆ. ಸರಾಸರಿ ಇರಬೇಕಾದ ಕಡೆ ಸೊನ್ನೆಯೂ ಇಲ್ಲ, ಗೆರೆ. ಭಾಗಿಸಲು ಏನಾದರೂ ಇದ್ದರೆ ತಾನೆ?

ಗೆರೆ ಎಳೆದು ಬಿಡಬಹುದಾಗಿದ್ದ ಇವನನ್ನು ಮತ್ತೆ ಎಬ್ಬಿಸಿದ್ದು 1969ರಲ್ಲಿ ಮ್ಯಾಕ್‌ಮಿಲನ್‌ನವರು ತಂದ ಬೇಸ್‌ಬಾಲ್ ವಿಶ್ವಕೋಶ. ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, 2,300ಕ್ಕೂ ಹೆಚ್ಚು ಪುಟಗಳಲ್ಲಿ, ಎಲ್ಲ ದೊಡ್ಡ ಆಟಗಾರರ ನಡುವೆ ಇಂಥ ಒಂದಾಟದವರನ್ನೂ ಅಕಾರಾದಿಯಾಗಿ ನಿಲ್ಲಿಸಿದ ಪುಸ್ತಕ. ಅದನ್ನು ತಿರುವುತ್ತಿದ್ದ ಒಬ್ಬ ಕೆನಡಾದ ಕಾದಂಬರಿಕಾರನಿಗೆ 'ಬೆಳದಿಂಗಳು' ಅನ್ನುವ ಅಡ್ಡಹೆಸರು ಕಣ್ಣಿಗೆ ಬಿತ್ತು. ಕಾದಂಬರಿಯಾಯಿತು, 1989ರಲ್ಲಿ ಸಿನಿಮಾ ಆಯಿತು. ಸಿನಿಮಾದವರು ಅವನ ಆಟವನ್ನು 1922ಕ್ಕೆ ತಳ್ಳಿದರು. ಇದ್ದದ್ದೇ ಒಂದು ದಿನ, ಅದನ್ನೂ ಅವನ ಪಾಡಿಗೆ ಬಿಡಲಿಲ್ಲ.

ರಾಚೆಸ್ಟರಿನ ಒಂದು ಮಧ್ಯಾಹ್ನ

ಕೆಲವು ವರ್ಷಗಳ ಹಿಂದೆ ಗೆಳೆಯನ ತಾಯಿಯನ್ನು ಚಿಕಿತ್ಸೆಗೆ ರಾಚೆಸ್ಟರಿಗೆ ಕರೆದುಕೊಂಡು ಹೋಗಬೇಕಿತ್ತು. ಮಿನಿಯಾಪೊಲಿಸ್‌ನಿಂದ ಒಂದೂವರೆ ಗಂಟೆಯ ದಾರಿ. ಗೆಳೆಯನಿಗೆ ಅವತ್ತು ರಜೆ ಸಿಗಲಿಲ್ಲ, ಡ್ರೈವರ್ ಕೆಲಸ ನನ್ನದಾಯಿತು. ಅವರನ್ನು ಒಳಗೆ ಕರೆದುಕೊಂಡಮೇಲೆ ಮೂರು ಗಂಟೆ ಖಾಲಿ. ಗ್ರಹಾಂನನ್ನು ಹೂತಿರುವುದು ಇದೇ ಊರಿನ ಕ್ಯಾಲ್ವರಿ ಸ್ಮಶಾನದಲ್ಲಿ ಅಂತ ನೆನಪಾಗಿ ಹೊರಟೆ. ಮಾರ್ಚ್ ತಿಂಗಳು, ಅರ್ಧ ಕರಗಿದ ಹಿಮ, ಶೂಸಿನೊಳಗೆ ನೀರು. ಹುಡುಕಿ ಹುಡುಕಿ ಸಾಕಾಗಿ ಇನ್ನೇನು ವಾಪಸು ಹೋಗೋಣ ಅನ್ನುವಾಗ ಕಲ್ಲು ಸಿಕ್ಕಿತು. ಮುಂದೆ ಯಾರೋ ಇಟ್ಟುಹೋದ ಒಂದು ಚೆಂಡು, ಮಳೆ ಹಿಮ ಕುಡಿದು ಊದಿಕೊಂಡಿತ್ತು. ಅದಕ್ಕಿಂತ ಹೆಚ್ಚಿನದೇನೂ ಅಲ್ಲಿರಲಿಲ್ಲ. ಹತ್ತು ನಿಮಿಷ ನಿಂತಿದ್ದು ಬಂದೆ. ನಿಜ ಹೇಳಬೇಕೆಂದರೆ ಹೋಗಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಗಿತ್ತು. ಯಾರದೋ ತಾಯಿಯನ್ನು ಆಸ್ಪತ್ರೆಯಲ್ಲಿ ಕೂರಿಸಿ ನಾನು ಮಾಡುತ್ತಿರುವುದೇನು ಅಂತ.

ವಾಪಸು ಬರುವಾಗ ಅವರು ನನ್ನ ಒದ್ದೆ ಪ್ಯಾಂಟು ನೋಡಿ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರು. ಸಮಾಧಿ ನೋಡೋಕೆ ಅಂದೆ.

"ಯಾರ್ದು?"

"ಒಬ್ಬ ಆಟಗಾರ ಅಮ್ಮ. ಒಂದೇ ಆಟ ಆಡಿದವನು."

"ಒಂದೇ ಆಟನಾ? ಆಮೇಲೆ ಏನು ಮಾಡಿದ?"

"ಡಾಕ್ಟರಾದ. ಇಲ್ಲಿಂದ ಉತ್ತರಕ್ಕೆ ಚಿಸಂ ಅಂತ ಒಂದೂರು, ಅಲ್ಲಿ. ಐವತ್ತು ವರ್ಷ ಅಲ್ಲೇ ಇದ್ದ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಡಾಕ್ಟರನ್ನ ಅವನು ಇವನು ಅಂತೀಯಲ್ಲೋ" ಅಂದರು.

ನಾನು ನಕ್ಕೆ. ಅವರು ನಗಲಿಲ್ಲ. ಆಟಗಾರರನ್ನು, ಸಿನಿಮಾ ನಟರನ್ನು ನಾವು ಏಕವಚನದಲ್ಲೇ ಕರೆಯುವುದು. ಅದು ಸಲುಗೆ, ಅಗೌರವವಲ್ಲ. ಡಾಕ್ಟರು ಮೇಷ್ಟ್ರುಗಳಿಗೆ ಬಹುವಚನ. ಹಾಗಾದರೆ ಎರಡೂ ಆಗಿದ್ದವರಿಗೆ ಏನು? ಇಂಗ್ಲಿಷ್‌ನಲ್ಲಿ ಓದುವಾಗ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿನ ಪರಿಚಯ ಎರಡು ಇನಿಂಗ್ಸನ್ನೂ ಐವತ್ತು ವರ್ಷವನ್ನೂ ಒಂದೇ ಸರ್ವನಾಮದಲ್ಲಿ ಮುಗಿಸುತ್ತದೆ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಆ ಮನುಷ್ಯ ಯಾವುದಕ್ಕೆ ಸಲ್ಲುತ್ತಾನೆ ಅಂತ ತೀರ್ಮಾನ ಮಾಡಬೇಕು. ನಾನು ಎಂಟು ಹತ್ತು ವರ್ಷದಿಂದ ಯೋಚಿಸದೆಯೇ ಆ ತೀರ್ಮಾನ ಮಾಡಿಕೊಂಡಿದ್ದೆ.

ಡಾಕ್ಟರ್ ಗ್ರಹಾಂ ಆಟ ಆಡಿದ 1905ರಲ್ಲೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಚಿಸಂ ಕಬ್ಬಿಣದ ಅದಿರಿನ ಗಣಿಗಳ ಊರು. ಯೂರೋಪಿನ ಹತ್ತಾರು ಕಡೆಗಳಿಂದ ಬಂದ ಗಣಿ ಕೆಲಸಗಾರರು, ಅವರ ಮಕ್ಕಳು. ಅಲ್ಲಿ 40 ವರ್ಷಕ್ಕೂ ಮೀರಿ ಶಾಲಾ ವೈದ್ಯರಾಗಿದ್ದರು. ಬಡ ಮಕ್ಕಳ ಕಣ್ಣು ನೋಡಿ ಕನ್ನಡಕ ಹೊಂದಿಸಿ ಕೊಡುತ್ತಿದ್ದರು. ವರ್ಷ ವರ್ಷ ಅದೇ ಶಾಲೆಗಳ ಮಕ್ಕಳ ರಕ್ತದೊತ್ತಡ ಅಳೆದು ಬರೆದಿಟ್ಟರು. ಮಕ್ಕಳಲ್ಲಿ ರಕ್ತದೊತ್ತಡ ಎಷ್ಟಿದ್ದರೆ ಸಹಜ ಅನ್ನುವುದೇ ಸರಿಯಾಗಿ ಗೊತ್ತಿಲ್ಲದ ಕಾಲ ಅದು. ರಾಚೆಸ್ಟರಿನ ಮೇಯೊ ಕ್ಲಿನಿಕ್ಕಿನ ಇಬ್ಬರ ಜೊತೆ ಸೇರಿ 1945ರಲ್ಲಿ ಅದನ್ನು ಮಕ್ಕಳ ರೋಗಗಳ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು: 5ರಿಂದ 16 ವರ್ಷದ ಮಕ್ಕಳ ರಕ್ತದೊತ್ತಡ. ಅಂಕಣ ಅಂಕಣವಾಗಿ ಅಂಕಿಗಳು. ತನ್ನ ಸಾಲಿನ ತುಂಬ ಸೊನ್ನೆ ಇಟ್ಟುಕೊಂಡ ಮನುಷ್ಯ ಬೇರೆಯವರ ಮಕ್ಕಳಿಗಾಗಿ ಸಾವಿರಾರು ಅಂಕಿ ತುಂಬಿದರು. 1965ರಲ್ಲಿ ತೀರಿಕೊಂಡಾಗ ಚಿಸಂ ಕಳೆದುಕೊಂಡದ್ದು ಡಾಕ್ಟರನ್ನು. ಆದರೆ ಸಮಾಧಿಯ ಮೇಲೆ ಜನ ಇಟ್ಟು ಹೋಗುವುದು ಚೆಂಡು. ನಾನೂ ಹೋದದ್ದು ಆ ಎರಡು ಇನಿಂಗ್ಸ್ ಹುಡುಕಿಕೊಂಡೇ, ರಕ್ತದೊತ್ತಡ ಹುಡುಕಿಕೊಂಡಲ್ಲ.

ಆಡಿದ್ದು ಅಂದರೆ ಏನು

ಇನ್ನೂ ಕೆಲವು ಕಾಫಿಗಳಿವೆ, ಬೇಗ ಹೇಳುತ್ತೇನೆ. ಜಾನ್ ಪಚೋರೆಕ್, 1963ರ ಸೆಪ್ಟೆಂಬರ್ 29ರಂದು ಹದಿನೆಂಟರ ಹುಡುಗ, ಹ್ಯೂಸ್ಟನ್ ತಂಡಕ್ಕೆ ಮೂರಕ್ಕೆ ಮೂರು ಹಿಟ್, ಮೇಲೆ ಎರಡು ವಾಕ್ (ನಾಲ್ಕು ಎಸೆತ ದಾರಿ ತಪ್ಪಿದರೆ ಹೊಡೆಯದೆಯೇ ಸಿಗುವ ಮೊದಲ ಬೇಸ್), ನಾಲ್ಕು ರನ್. ಬೆನ್ನು ಕೈಕೊಟ್ಟು ಮತ್ತೆಂದೂ ಮೇಲೆ ಬರಲಿಲ್ಲ. ಸರಾಸರಿ 1.000, ಅದಕ್ಕಿಂತ ಮೇಲೆ ಅಂಕಿಯೇ ಇಲ್ಲ. ಲ್ಯಾರಿ ಯೌಂಟ್, 1971ರ ಸೆಪ್ಟೆಂಬರ್ 15, ಅದೇ ಹ್ಯೂಸ್ಟನ್. ಪಿಚರ್ (ಚೆಂಡು ಎಸೆಯುವವನು) ಆಗಿ ಹೆಸರು ಕೂಗಿದರು, ಅಭ್ಯಾಸದ ಎಸೆತಗಳಲ್ಲೇ ಮೊಣಕೈ ನೋವು, ಬ್ಯಾಟರ್‌ಗೆ ಒಂದು ಚೆಂಡೂ ಎಸೆಯದೆ ಹೊರಗೆ ನಡೆದ. ಆದರೂ ಪಂದ್ಯ ಲೆಕ್ಕಕ್ಕಿದೆ, ಯಾಕೆಂದರೆ ಹೆಸರು ಕೂಗಿಯಾಗಿತ್ತು. ಅವನ ತಮ್ಮ ರಾಬಿನ್ ಯೌಂಟ್ 3,142 ಹಿಟ್ ಹೊಡೆದು ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವಭವನ, ಸೇರಿದ. ಒಂದೇ ಮನೆಯ ಈ ಎರಡು ಸಾಲುಗಳನ್ನು ಒಟ್ಟಿಗೆ ಓದುವುದು ನನಗೆ ಯಾವತ್ತೂ ಸಾಧ್ಯವಾಗಿಲ್ಲ, ಒಂದನ್ನು ಓದಿ ಎದ್ದು ನೀರು ಕುಡಿದು ಬರಬೇಕು.

ಮೂರಡಿ ಏಳಿಂಚಿನ ಎಡ್ಡಿ ಗೆಡೆಲ್‌ನ ಕಥೆ ಕೇಳಿರುತ್ತೀರಿ. 1951ರ ಆಗಸ್ಟ್ 19ರಂದು ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಮಾಲೀಕ ಬಿಲ್ ವೆಕ್, ಜನರನ್ನು ನಗಿಸಲು, ಬೆನ್ನಿಗೆ 1/8 ಅಂತ ನಂಬರು ಹಚ್ಚಿ ಬ್ಯಾಟಿಗೆ ಕಳಿಸಿದ. ನಾಲ್ಕು ಎಸೆತವೂ ಅವನ ಎತ್ತರ ದಾಟಿ ಹೋದವು, ಗೆಡೆಲ್ ನಡೆದುಕೊಂಡು ಮೊದಲ ಬೇಸಿಗೆ ಹೋದ. ಮರುದಿನವೇ ಲೀಗಿನವರು ಅವನ ಒಪ್ಪಂದ ರದ್ದು ಮಾಡಿದರು. ಹತ್ತು ವರ್ಷದ ನಂತರ ಅವನು ಸತ್ತಾಗ ಅಂತ್ಯಕ್ರಿಯೆಗೆ ಬಂದ ಒಬ್ಬನೇ ಬೇಸ್‌ಬಾಲ್ ಮನುಷ್ಯ ಆ ನಾಲ್ಕು ಎಸೆತ ಎಸೆದ ಬಾಬ್ ಕೇನ್. ನನ್ನನ್ನು ಕಾಡುವುದು ಗೆಡೆಲ್‌ಗಾಗಿ ಬೆಂಚಿಗೆ ಕೂರಬೇಕಾಗಿ ಬಂದ ಫ್ರ್ಯಾಂಕ್ ಸೌಸಿಯರ್. ಕೆಳಗಿನ ಲೀಗಿನಲ್ಲಿ ಒಂದು ವರ್ಷ 0.446 ಹೊಡೆದಿದ್ದ ಆಟಗಾರ. ಮೇಲೆ ಬಂದು 14 ಸಲ ಬ್ಯಾಟು ಹಿಡಿದು ಒಂದು ಹಿಟ್, 0.071, ಆಮೇಲೆ ನೌಕಾಪಡೆಗೆ ಕರೆ ಬಂತು. ಅವನ ಪರಿಚಯ ಯಾರೇ ಬರೆದರೂ ಮೊದಲ ವಾಕ್ಯದಲ್ಲಿ ಗೆಡೆಲ್ ಬರುತ್ತಾನೆ.

ಲೆಕ್ಕ ಬರೆದವರು

ಈ ಲೆಕ್ಕದ ಹುಚ್ಚು ಎಲ್ಲಿಂದ ಬಂತು ಅಂದರೆ, ನಮ್ಮ ಆಟದಿಂದಲೇ. ಇಂಗ್ಲೆಂಡಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರ. ಬೇಸ್‌ಬಾಲಿಗೆ ಹೊರಳಿದಮೇಲೆ ಕ್ರಿಕೆಟ್ಟಿನ ಸ್ಕೋರ್‌ಕಾರ್ಡನ್ನೇ ತಿದ್ದಿ ತೀಡಿ, 1859ರ ಹೊತ್ತಿಗೆ ಪೇಪರಿನ ಒಂದು ಅಂಕಣದಲ್ಲಿ ಇಡೀ ಪಂದ್ಯ ಹಿಡಿಸುವ 'ಬಾಕ್ಸ್ ಸ್ಕೋರ್' ಮಾಡಿದ. ವ್ಯತ್ಯಾಸ ಇಷ್ಟೇ: ಬೇಸ್‌ಬಾಲಿನಲ್ಲಿ ಬದಲಿಗೆ ಬಂದವನು ನಿಜವಾದ ಆಟಗಾರ, ಹೊರಗೆ ಹೋದವನು ಮತ್ತೆ ಬರುವಂತಿಲ್ಲ. ಆದ್ದರಿಂದ ಬಾಕ್ಸಿನಲ್ಲಿ ಬದಲಿಯವನಿಗೂ ಒಂದು ಸಾಲು ಕೊಡಲೇಬೇಕು. ಗ್ರಹಾಂ ಉಳಿದದ್ದು, ಮಾವ ಅಳಿದದ್ದು ಈ ಒಂದು ನಿಯಮದಿಂದ.

ಬಾಕ್ಸ್ ಸ್ಕೋರುಗಳು ಊರಿಂದೂರಿಗೆ ತಂತಿಯಲ್ಲಿ ಹೋಗುತ್ತಿದ್ದವು. 1912ರ ಒಂದು ಪಂದ್ಯದಲ್ಲಿ ಆಡಿದನೆಂದು ಲೂ ಪ್ರಾಕ್ಟರ್ ಅನ್ನುವ ಹೆಸರು ದಶಕಗಳ ಕಾಲ ದಾಖಲೆಯಲ್ಲಿತ್ತು. ತಂತಿ ಕಳಿಸುವ ಆಪರೇಟರ್ ತಮಾಷೆಗೆ ತನ್ನ ಹೆಸರನ್ನೇ ಸೇರಿಸಿದ್ದ ಅಂತ ಕಥೆ. ಕೊನೆಗೆ ಅಂಥ ಆಟಗಾರನೇ ಇರಲಿಲ್ಲ ಅಂತ ತೀರ್ಮಾನಿಸಿ ತೆಗೆದುಹಾಕಿದರು. ಕಥೆ ನಿಜವೋ ಸುಳ್ಳೋ, ನನಗೆ ಆ ಆಪರೇಟರ್ ಇರಬೇಕಿತ್ತು ಅನ್ನಿಸುತ್ತದೆ.

ಹೀಗೆ ತೆಗೆಯುವ ಸೇರಿಸುವ ಕೆಲಸ ಮಾಡುವವರ ಗುಂಪೊಂದು 1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಹದಿನಾರು ಜನರಿಂದ ಶುರುವಾಯಿತು. ಸೇಬರ್ ಅಂತ ಅದರ ಹೆಸರು. ಮುಖ್ಯವಾಗಿ ಹವ್ಯಾಸಿಗಳು. ಒಂದೇ ಆಟ ಆಡಿ ಕಳೆದುಹೋದವರ ಸಾವಿನ ಪ್ರಮಾಣಪತ್ರ, ಜನಗಣತಿಯ ಪುಟ, ಸ್ಮಶಾನದ ಪುಸ್ತಕ ಹುಡುಕುತ್ತಾರೆ. ಹತ್ತೊಂಬತ್ತನೇ ಶತಮಾನದ ಕೆಲವರಿಗೆ ಇವತ್ತಿಗೂ ಮನೆತನದ ಹೆಸರು ಬಿಟ್ಟರೆ ಬೇರೆ ಹೆಸರಿಲ್ಲ. ಬೇರೆಯವರ ತಾತಂದಿರ ಸತ್ತ ದಿನವನ್ನು ಇಷ್ಟು ಶ್ರದ್ಧೆಯಿಂದ ಹುಡುಕುವವರನ್ನು ನಾನು ಗಯಾ ಪಂಡರ ಬಿಟ್ಟರೆ ಇಲ್ಲೇ ನೋಡಿದ್ದು.

ಈ ಹುಡುಕಾಟದಲ್ಲಿ ಸಿಕ್ಕವನು ವಿಲಿಯಂ ಎಡ್ವರ್ಡ್ ವೈಟ್. 1879ರ ಜೂನ್ 21ರಂದು ಪ್ರಾವಿಡೆನ್ಸ್ ಗ್ರೇಸ್ ತಂಡದ ಫಸ್ಟ್ ಬೇಸ್‌ಮನ್ ಗಾಯಗೊಂಡು, ಬ್ರೌನ್ ವಿಶ್ವವಿದ್ಯಾಲಯದ ಈ ವಿದ್ಯಾರ್ಥಿಯನ್ನು ಒಂದು ದಿನಕ್ಕೆ ಕರೆಸಿದರು. ನಾಲ್ಕಕ್ಕೆ ಒಂದು ಹಿಟ್, ತಪ್ಪಿಲ್ಲದ ಫೀಲ್ಡಿಂಗ್, ಗೆಲುವು. ಅಲ್ಲಿಗೆ ಮುಗಿಯಿತು. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಅವನ ಹುಟ್ಟಿದ ಊರಿನ ಖಾಲಿ ಜಾಗ ತುಂಬಲು ಹೋದವರು ಜಾರ್ಜಿಯಾದ ಮಿಲ್ನರ್ ಅನ್ನುವ ಊರು ತಲುಪಿದರು. ಅಲ್ಲಿನ ಒಬ್ಬ ಬಿಳಿಯ ಧಣಿ ತನ್ನ ವಿಲ್‌ನಲ್ಲಿ ಸೇವಕಿ ಹ್ಯಾನಾಳ ಮಕ್ಕಳಿಗೆ ಆಸ್ತಿ ಬರೆದಿದ್ದ. ಮಕ್ಕಳಲ್ಲಿ ಒಬ್ಬ ಈ ವಿಲಿಯಂ. ಹ್ಯಾನಾ ಆ ಧಣಿಯ ಗುಲಾಮಳಾಗಿದ್ದವಳು. ಮೇಜರ್ ಲೀಗಿನ ಮೊದಲ ಕಪ್ಪು ಆಟಗಾರ 1884ರ ಮೋಸಸ್ ಫ್ಲೀಟ್‌ವುಡ್ ವಾಕರ್ ಅಂತ ಇದ್ದ ಇತಿಹಾಸ ಐದು ವರ್ಷ ಹಿಂದಕ್ಕೆ ಸರಿದಿರಬಹುದು. ಆದರೆ ವೈಟ್ ಜನಗಣತಿಯಲ್ಲಿ ಬರೆಸಿದ್ದು ಬಿಳಿಯ ಅಂತ. ಷಿಕಾಗೋದಲ್ಲಿ ಬಿಳಿಯನಾಗಿಯೇ ಬದುಕಿದ. ಆ ಮನುಷ್ಯ ಬದುಕಿಡೀ ಹೇಳದೆ ಇಟ್ಟುಕೊಂಡದ್ದನ್ನು, ಒಂದು ದಿನದ ಆಟದ ಜಾಡು ಹಿಡಿದು ಹೋಗಿ ನಾವು ಪರಿಚಯದ ಮೊದಲ ವಾಕ್ಯ ಮಾಡಿದ್ದೇವೆ. ಇದು ನ್ಯಾಯವೋ ಅಲ್ಲವೋ ನನಗೆ ಬಗೆಹರಿದಿಲ್ಲ. ಇತಿಹಾಸಕ್ಕೆ ಬೇಕು, ಒಪ್ಪುತ್ತೇನೆ. ಆದರೂ ಆ ಪುಟ ಓದುವಾಗ ಯಾರದೋ ಟ್ರಂಕಿಗೆ ಕೈ ಹಾಕಿದ ಹಾಗಾಗುತ್ತದೆ.

ಉಲ್ಟಾ ಅನ್ಯಾಯವೂ ಇದೆ. ವಾಕರ್ ಕಾಲ ಮುಗಿದಮೇಲೆ, 1947ಕ್ಕೆ ಜಾಕಿ ರಾಬಿನ್ಸನ್ ಮೇಜರ್ ಲೀಗಿಗೆ ಬರುವ ತನಕ, ಕಪ್ಪು ಆಟಗಾರರು ತಮ್ಮದೇ ಲೀಗುಗಳಲ್ಲಿ ಆಡಬೇಕಿತ್ತು, ಆ ಆಟ 'ಮೇಜರ್' ಲೆಕ್ಕಕ್ಕಿರಲಿಲ್ಲ. 2020ರ ಡಿಸೆಂಬರಿನಲ್ಲಿ, ಆಡಿದವರು ಬಹುತೇಕ ಎಲ್ಲರೂ ಹೋದಮೇಲೆ, ಲೆಕ್ಕಕ್ಕಿದೆ ಅಂತ ಒಪ್ಪಿಕೊಂಡರು. ಕಪ್ಪು ಸಮುದಾಯದ ಪತ್ರಿಕೆಗಳ ಹಳೇ ಪುಟಗಳಿಂದ ಬಾಕ್ಸ್ ಸ್ಕೋರುಗಳನ್ನು ಹೆಕ್ಕಿಟ್ಟಿದ್ದವರ ದುಡಿಮೆಯಿಂದ 2024ರಲ್ಲಿ ಅಂಕಿಗಳೂ ಸೇರಿದವು. ಇಡೀ ಆಟದ ಬದುಕಿನ ಸರಾಸರಿಯಲ್ಲಿ ಟೈ ಕಾಬ್‌ನ 0.367 ಕೆಳಗಿಳಿದು, ಕಪ್ಪು ಲೀಗುಗಳಲ್ಲಿ ಆಡಿದ ಜಾಷ್ ಗಿಬ್ಸನ್‌ನ 0.372 ಮೇಲೆ ಬಂತು. ಗಿಬ್ಸನ್ ಸತ್ತದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ. ರಾಬಿನ್ಸನ್ ಮೈದಾನಕ್ಕಿಳಿದದ್ದು ಏಪ್ರಿಲ್‌ನಲ್ಲಿ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮಿನಲ್ಲಿರುವ ಗಿಬ್ಸನ್‌ನ ಕಂಚಿನ ಫಲಕದ ಮೇಲೆ ಸುಮಾರು 800 ಹೋಮ್ ರನ್ ಅಂತಿದೆ. ಅಧಿಕೃತ ಲೆಕ್ಕದಲ್ಲಿ 200 ಕೂಡ ಇಲ್ಲ. ಉಳಿದವು ಊರೂರು ಸುತ್ತಿ ಆಡಿದ ಆಟಗಳವು, ಪುಸ್ತಕವಿಲ್ಲದ ಮೈದಾನಗಳವು. ಅವನ್ನೂ ಯಾರೋ ಎಸೆದಿದ್ದರು, ಯಾರೋ ಓಡಿ ಹೋಗಿ ಪೊದೆಯಿಂದ ಹುಡುಕಿ ತಂದಿದ್ದರು.

ಶ್ರದ್ಧಾಂಜಲಿ

ಮಾವನ ಮಗನಿಗೆ ಬೆಳಿಗ್ಗೆ ಫೋನ್ ಮಾಡಿ, ರಣಜಿ ಆಟಗಾರ ಅಂತ ಬೇಡ, ಯಾರಾದರೂ ಎತ್ತಿ ಆಡಿದರೆ ಮಾವನಿಗೇ ಅವಮಾನ ಅಂದೆ. ಸರಿ ಬಿಡು ಅಂದ. ಮರುದಿನ ವಾಟ್ಸಾಪಿನಲ್ಲಿ ಬಂದ ಜಾಹೀರಾತಿನ ಫೋಟೋದಲ್ಲಿ 'ನಿವೃತ್ತ ಬ್ಯಾಂಕ್ ಮ್ಯಾನೇಜರ್, ಕ್ರಿಕೆಟ್ ಪ್ರೇಮಿ' ಅಂತಿತ್ತು. ಪ್ರೇಮಿ! ಸೋಫಾದಲ್ಲಿ ಒರಗಿ ಟಿವಿ ನೋಡುವವನೂ ಪ್ರೇಮಿಯೇ. ಅದಕ್ಕಿಂತ ಸುಳ್ಳೇ ವಾಸಿಯಿತ್ತು ಅನ್ನಿಸಿತು. ತಪ್ಪು ನನ್ನದೇ, ಬೇರೆ ಮಾತು ಹುಡುಕಿ ಕೊಡಬೇಕಿತ್ತು.

ಹದಿಮೂರು ದಿನ ಕಳೆದಮೇಲೆ ಆ ಪೇಪರಿನ ಚೂರು ಇನ್ನೂ ಇದೆಯಾ ಅಂತ ಕೇಳಿದೆ. ಟ್ರಂಕು ಹುಡುಕಿ ಫೋಟೋ ತೆಗೆದು ಕಳಿಸಿದ. ಮಡಿಕೆಯಲ್ಲಿ ಹರಿದು ಎರಡಾಗಿದೆ, ಹಿಂದೆ ಸೆಲ್ಲೋಟೇಪು. ಹಿಗ್ಗಿಸಿ ನೋಡಿದೆ. ಬ್ಯಾಟ್ಸ್‌ಮನ್ ಹೆಸರು, 'ಸಿ ಸಬ್', ಬೌಲರ್ ಹೆಸರು, ರನ್ನು. ಅಂಚಿನಲ್ಲಿ, ನಾನು ಹುಡುಗನಾಗಿದ್ದಾಗ ಇರದ, ಪೆನ್ಸಿಲಿನ ಬರಹ. ಸಬ್ ಅನ್ನುವುದರಿಂದ ಒಂದು ಗೆರೆ ಎಳೆದು ಮಾವನ ಹೆಸರು ಬರೆದಿದೆ, ಇನಿಷಿಯಲ್ ಸಮೇತ, ಕನ್ನಡದಲ್ಲಿ. ಆ ದುಂಡು ಅಕ್ಷರ ಉಪ್ಪಿನಕಾಯಿ ಜಾಡಿಗಳ ಚೀಟಿಯ ಮೇಲೆ ನೋಡಿದ್ದೇನೆ. ಅತ್ತೆಯದು.